ನಡೆಯೋದು ಬೇರೆ, ಹೋಗೋದು ಬೇರೆ

ಹಲಸೂರಿನ ಒಂದು ಮನೆಯಲ್ಲಿ ನಡೆದ ಮಾತುಕತೆ. ಕೇಳುವವನು ಕೆ.ಆರ್. ಪುರಂನವನು. ಅವನ ಅಣ್ಣ ಪೇಂಟರ್. ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ತಿಂಗಳುಗಟ್ಟಲೆಯಿಂದ ಮಲಗಿದ್ದಾನೆ. ಹೇಳುವಾಕೆಗೂ ಕಾಲೇಜಿನ ದಿನಗಳಲ್ಲಿ ಅಂಥದ್ದೇ ಪೆಟ್ಟಾಗಿತ್ತು. ಹೊಸದಾಗಿ ಹೀಗಾದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ಈಗ ಆಕೆಯ ಉದ್ಯೋಗ.

— ನಾನೇ ನಿಮ್ಮನೆಗೆ ಬರಬೇಕಿತ್ತು. ಮೊದಲನೇ ಮಹಡಿ ಅಂದ್ರಲ್ಲ, ಅದಕ್ಕೆ ನಿಮ್ಮನ್ನೇ ಕರೆಸಿಕೊಂಡೆ.

— ಪರವಾಗಿಲ್ಲ ಮೇಡಂ, ಮೆಟ್ರೋದಲ್ಲಿ ಬಂದೆ. ನನ್ನದು ಒಂದೇ ಪ್ರಶ್ನೆ. ಅಣ್ಣ ಯಾವಾಗ ನಡೀತಾನೆ?

— ಡಾಕ್ಟ್ರು ಏನಂತಾರೆ?

— ಕಾಗದದಲ್ಲಿ ‘ಡಿ ಟೆನ್, ಕಂಪ್ಲೀಟ್’ ಅಂತ ಬರೆದಿದೆ. ಬಾಯಲ್ಲಿ ಮಾತ್ರ ‘ಫಿಸಿಯೋ ಮಾಡಿಸ್ತಾ ಇರಿ, ನೋಡೋಣ’ ಅಂತಾರೆ.

— ಡಿ ಟೆನ್ ಅಂದ್ರೆ ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟ. ಕೈ, ಎದೆ, ಉಸಿರು ಎಲ್ಲ ಸರಿಯಾಗಿರುತ್ತೆ. ಅಲ್ಲಿಂದ ಕೆಳಗೆ ಚಲನೆ ಇಲ್ಲ, ಸ್ಪರ್ಶ ಇಲ್ಲ. ಆರು ತಿಂಗಳು ಕಳೆದ ಮೇಲೂ ‘ಕಂಪ್ಲೀಟ್’ ಅಂತಲೇ ಉಳಿದಿದ್ರೆ, ಮೊದಲಿನ ಹಾಗೆ ನಡೆಯೋದು ತೀರಾ ಅಪರೂಪ. ಇದನ್ನ ಯಾರಾದ್ರೂ ನಿಮಗೆ ಕೂರಿಸಿಕೊಂಡು ಹೇಳಬೇಕಿತ್ತು.

— ಇಷ್ಟು ಸಲೀಸಾಗಿ ಹೇಳ್ತೀರಲ್ಲ.

— ನನಗೆ ಯಾರೂ ಹೇಳಲಿಲ್ಲ, ಅದಕ್ಕೆ. ಬದಲಿಗೆ ಬೆನ್ನಿಂದ ಪಾದದವರೆಗೆ ಕ್ಯಾಲಿಪರ್ ಅನ್ನೋ ಕಬ್ಬಿಣ, ಚರ್ಮದ ಪಟ್ಟಿ, ಎರಡು ಊರುಗೋಲು ಕೊಟ್ರು. ಎರಡು ಸರಳಿನ ಮಧ್ಯೆ ನಿಲ್ಲಿಸಿ ನಡೆಸೋರು. ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಹೋಗೋ ಅಷ್ಟರಲ್ಲಿ ಬೆವರು ಕಿತ್ತುಕೊಂಡು ಬರೋದು. ಎಲ್ಲರೂ ಚಪ್ಪಾಳೆ ತಟ್ಟೋರು, ಅಮ್ಮ ಅಳೋಳು. ಆದರೆ ಹಾಗೆ ನಡೆದು ನಾನು ಒಂದು ದಿನವೂ ಬಾಗಿಲು ದಾಟಲಿಲ್ಲ. ಸೊಂಟದ ಕೆಳಗೆ ಬಲವಿಲ್ಲದೆ ಕ್ಯಾಲಿಪರ್ ಹಾಕ್ಕೊಂಡು ನಡೆಯೋಕೆ, ಅದೇ ದೂರವನ್ನ ವೀಲ್‌ಚೇರಿನಲ್ಲಿ ಹೋಗೋದಕ್ಕಿಂತ ಹಲವು ಪಟ್ಟು ಶಕ್ತಿ ಬೇಕು. ಬಹಳಷ್ಟು ಜನ ಕಡೆಗೆ ಕ್ಯಾಲಿಪರನ್ನ ಅಟ್ಟಕ್ಕೆ ಹಾಕಿ ಕುರ್ಚಿಗೆ ಬರ್ತಾರೆ. ಅಲ್ಲಿಗೆ ಬರೋದರೊಳಗೆ ಓದು ನಿಂತಿರುತ್ತೆ, ಕೆಲಸ ಹೋಗಿರುತ್ತೆ, ಸ್ನೇಹಿತರು ಬರೋದು ಬಿಟ್ಟಿರ್ತಾರೆ. ನಡೆಯೋದು ಬೇರೆ, ಹೋಗೋದು ಬೇರೆ.

— ಹಾಗಾದ್ರೆ ಫಿಸಿಯೋ ನಿಲ್ಲಿಸಿಬಿಡೋದಾ?

— ಖಂಡಿತ ಬೇಡ. ಎದ್ದು ನಿಲ್ಲೋದರಿಂದ ಮೂಳೆಗೆ, ರಕ್ತಸಂಚಾರಕ್ಕೆ ಒಳ್ಳೇದು. ಕೀಲು ಬಿಗಿಯಾಗಬಾರದು. ಮುಖ್ಯವಾಗಿ ತೋಳಿಗೆ ಬಲ ಬರಬೇಕು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ತಾವೇ ಜಾರಿಕೊಳ್ಳೋ ಹಾಗಾಗಬೇಕು. ಫಿಸಿಯೋದವರು ಬಂದಾಗ ‘ಇವರನ್ನ ನಡೆಸಿ’ ಅನ್ನಬೇಡಿ. ‘ಇವರು ಒಬ್ಬರೇ ಸ್ನಾನ ಮಾಡೋ ಹಾಗೆ ಮಾಡಿ’ ಅನ್ನಿ. ಆಗ ಅವರ ವ್ಯಾಯಾಮದ ಪಟ್ಟಿಯೇ ಬೇರೆಯಾಗುತ್ತೆ.

— ಅಮ್ಮ ಕೇಳಲ್ಲ ಮೇಡಂ. ಯಾರೋ ಸ್ಟೆಮ್ ಸೆಲ್ ಅಂದ್ರು. ಊರಲ್ಲಿರೋ ಅರ್ಧ ಎಕರೆ ಮಾರೋಣ ಅಂತಿದ್ದಾಳೆ.

— ಮಾರಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿ ನೇರವಾಗೇ ಹೇಳಿದೆ: ಕೆಲವು ರಕ್ತದ ಕಾಯಿಲೆಗಳಿಗೆ ಮಾಡೋ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅಂಗೀಕೃತ ಚಿಕಿತ್ಸೆ ಅಲ್ಲ. ಬೆನ್ನುಹುರಿಗೆ ಅದು ಇನ್ನೂ ಪ್ರಯೋಗದ ಹಂತ. ಪ್ರಯೋಗಕ್ಕೆ ಒಳಗಾಗೋ ರೋಗಿಯಿಂದ ದುಡ್ಡು ತಗೋಬಾರದು. ಯಾರಾದ್ರೂ ದುಡ್ಡು ಕೇಳಿದ್ರೆ ಅಲ್ಲೇ ಉತ್ತರ ಸಿಕ್ಕಿತು ಅಂದುಕೊಳ್ಳಿ. ಆ ಅರ್ಧ ಎಕರೆಯ ಒಂದು ಸಣ್ಣ ಪಾಲಿಗೆ ಒಳ್ಳೆ ದಿಂಬು, ಅಳತೆಗೆ ಸರಿಯಾದ ಕುರ್ಚಿ ಬರುತ್ತೆ.

— ಕುರ್ಚಿ ಇದೆ. ಆಸ್ಪತ್ರೆ ಪಕ್ಕದ ಅಂಗಡಿಯಲ್ಲಿ ತಗೊಂಡ್ವಿ. ಅವನು ಅದರಲ್ಲಿ ಕೂರೋದೇ ಇಲ್ಲ. ನಿಜ ಹೇಳ್ಬೇಕಂದ್ರೆ ಈಗೀಗ ಏನೂ ಮಾಡಲ್ಲ. ಗೋಡೆ ಕಡೆ ತಿರುಗಿ ಮಲಗ್ತಾನೆ. ಊಟ ಅರ್ಧಕ್ಕರ್ಧ ಬಿಟ್ಟಿದ್ದಾನೆ. ಮೊನ್ನೆ ‘ಅವತ್ತೇ ಹೋಗಿಬಿಡಬೇಕಿತ್ತು’ ಅಂದ.

— ಆ ಮಾತನ್ನ ಹಗುರವಾಗಿ ತಗೋಬೇಡಿ. ‘ಸಾಯೋ ಯೋಚನೆ ಬರ್ತಿದೆಯಾ’ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ಬರುತ್ತೆ ಅನ್ನೋದು ಸುಳ್ಳು. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡ್ತಾರೆ. ಖಿನ್ನತೆ ಇದ್ರೆ ಔಷಧಿ ಬೇಕಾಗಬಹುದು, ಅದರಲ್ಲಿ ನಾಚಿಕೆ ಏನಿಲ್ಲ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತೆ ಅಂತ ಹಲವು ಅಧ್ಯಯನಗಳನ್ನ ಒಟ್ಟುಮಾಡಿ ನೋಡಿದವರು ಹೇಳ್ತಾರೆ. ಹೊರಗಿನ ಜನಕ್ಕಿಂತ ಅದು ಜಾಸ್ತಿನೇ. ಆದ್ರೆ ಐದರಲ್ಲಿ ಐದೂ ಅಲ್ಲ. ಅದಿರಲಿ, ಇನ್ನೊಂದು ಕೇಳ್ತೀನಿ. ಊಟ ಬಿಟ್ಟಿರೋದು ಬೇಜಾರಿಗೋ, ಹೆದರಿಕೆಗೋ?

— ಹೆದರಿಕೆನಾ? ಏನಕ್ಕೆ?

— ತಿಂದ್ರೆ ಹೋಗಬೇಕು. ಯಾವಾಗ ಹೋಗುತ್ತೋ ಗೊತ್ತಾಗಲ್ಲ. ಬಟ್ಟೆ ಬದಲಾಯಿಸೋರು ಯಾರು?

— ಅತ್ತಿಗೆ. ಅವಳು ಕೆಲಸಕ್ಕೆ ಹೋದಾಗ ಅಮ್ಮ.

— ನೋಡಿದ್ರಾ. ಮೂವತ್ತು ದಾಟಿದ ಗಂಡಸು, ಸ್ವಂತ ದುಡಿಮೆಯವರು. ಹೊಟ್ಟೆಗೆ ಕಮ್ಮಿ ಹಾಕಿದ್ರೆ ಆ ಅವಮಾನವೂ ಕಮ್ಮಿ ಅಂತ ಲೆಕ್ಕ ಹಾಕಿರ್ತಾರೆ. ನಾನೂ ಅದೇ ಲೆಕ್ಕ ಹಾಕಿದ್ದೆ, ನೀರು ಕುಡಿಯೋದೇ ಬಿಟ್ಟಿದ್ದೆ. ಮನೆಯವರು ‘ಮನಸ್ಸು ಗಟ್ಟಿ ಮಾಡ್ಕೋ’ ಅಂತಿದ್ರು. ನನಗೆ ಗಟ್ಟಿ ಮನಸ್ಸಲ್ಲ, ಒಂದು ಟೈಮ್ ಟೇಬಲ್ ಬೇಕಿತ್ತು.

— ಟೈಮ್ ಟೇಬಲ್?

— ಹೂಂ. ಊಟವಾದ ಅರ್ಧ ಗಂಟೆಗೆ ಕರುಳು ತಾನಾಗೇ ಚುರುಕಾಗುತ್ತೆ, ಅದು ಎಲ್ಲರ ದೇಹದಲ್ಲೂ ಇರೋ ಗುಣ. ದಿನಾ ಅಥವಾ ದಿನ ಬಿಟ್ಟು ದಿನ ಒಂದೇ ಹೊತ್ತಿಗೆ ಕಮೋಡಿನ ಮೇಲೆ ಕೂತು, ನರ್ಸ್ ಕಲಿಸಿಕೊಟ್ಟ ಹಾಗೆ ಮಾಡಿದ್ರೆ ಕೆಲವು ವಾರಕ್ಕೆ ಕರುಳು ಆ ಹೊತ್ತಿಗೆ ಒಗ್ಗುತ್ತೆ. ಮೂತ್ರಕ್ಕೆ ನಾಲ್ಕರಿಂದ ಆರು ಗಂಟೆಗೊಮ್ಮೆ ಸಣ್ಣ ನಳಿಕೆ, ತಾವೇ ಹಾಕ್ಕೊಂಡು ತೆಗೆದುಬಿಡೋದು. ಅಮೆರಿಕದ ಮಿಶಿಗನ್‌ನಲ್ಲಿ ಜ್ಯಾಕ್ ಲ್ಯಾಪಿಡಿಸ್ ಅಂತ ಮೂತ್ರರೋಗ ತಜ್ಞರಿದ್ರು. ಇದಕ್ಕೆ ಆಪರೇಷನ್ ಥಿಯೇಟರಿನ ಶುದ್ಧಿ ಬೇಕಿಲ್ಲ, ಸೋಪಲ್ಲಿ ತೊಳೆದ ಕೈ ಸಾಕು, ಹೊತ್ತುಹೊತ್ತಿಗೆ ಖಾಲಿ ಮಾಡೋದೇ ಮುಖ್ಯ ಅಂತ 1972ರಲ್ಲಿ ಬರೆದ್ರು. ಅಲ್ಲಿವರೆಗೆ ನಮ್ಮಂಥವರಲ್ಲಿ ಬಹಳ ಜನರನ್ನ ಮೂತ್ರಪಿಂಡದ ತೊಂದರೆಯೇ ಕೊಲ್ತಿತ್ತು. ಪುನರ್ವಸತಿಯ ಚರಿತ್ರೆಯಲ್ಲಿ ರೋಬೋಟ್ ಕಾಲಿಗೆ ಸಿಗೋ ಪ್ರಚಾರ ಈ ನಳಿಕೆಗೆ ಸಿಗಲ್ಲ. ನನ್ನ ಮಟ್ಟಿಗೆ ಮನೆಯಿಂದ ಹೊರಗೆ ಕಳಿಸಿದ್ದು ಅದೇ.

— ಅವನಿಗೆ ಈಗ ಖಾಯಂ ಪೈಪ್ ಇದೆ, ಚೀಲ ನೇತಾಡ್ತಿರುತ್ತೆ.

— ಚೀಲ ಇದ್ದಾಗ ಗೆಳೆಯರು ಬಂದ್ರೆ ಹೊದಿಕೆ ಎಳ್ಕೊಂಡು ನಿದ್ದೆ ಬಂದ ಹಾಗೆ ಮಾಡ್ತಾರಲ್ವಾ?

— ... ಹೌದು. ನಾವು ಸೊಕ್ಕು ಅಂದುಕೊಂಡಿದ್ವಿ.

— ಮುಂದಿನ ಸಲ ಯೂರಾಲಜಿಗೆ ತೋರಿಸಿ, ಬಿಟ್ಟುಬಿಟ್ಟು ಹಾಕೋ ನಳಿಕೆಗೆ ಬದಲಾಯಿಸಬಹುದಾ ಕೇಳಿ. ಮತ್ತೆ ಒತ್ತುಹುಣ್ಣಾಗದ ಹಾಗೆ ಪೃಷ್ಠದ ಚರ್ಮ ದಿನಾ ನೋಡಿ, ಕನ್ನಡಿ ಕೊಟ್ಟರೆ ಅವರೇ ನೋಡ್ಕೊಳ್ತಾರೆ. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು, ಕೂತಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತೋದು. ಲುಡ್ವಿಗ್ ಗುಟ್‌ಮನ್ ಅಂತ ಒಬ್ಬರು, ಹಿಟ್ಲರನಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯಹೂದಿ ಡಾಕ್ಟ್ರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಮುರಿದ ಸೈನಿಕರ ವಾರ್ಡ್ ಶುರು ಮಾಡಿದ್ರು. ಅದಕ್ಕೂ ಮುಂಚೆ ಅಂಥ ಸೈನಿಕರಲ್ಲಿ ಹೆಚ್ಚಿನವರು ಒತ್ತುಹುಣ್ಣು, ಮೂತ್ರದ ಸೋಂಕಿಗೆ ಬೇಗನೇ ಸಾಯ್ತಿದ್ರು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಅವರು ಜನರನ್ನ ಉಳಿಸಿಕೊಂಡ್ರು. ಆಮೇಲೆ ತಾನೇ ಆಟ. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ ಹದಿನಾರು ಜನ ಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದ್ರು. ಪ್ಯಾರಾಲಿಂಪಿಕ್ಸ್ ಅಲ್ಲಿಂದ ಬೆಳೀತು. ಜನ ಪದಕ ನೋಡ್ತಾರೆ, ಮಗ್ಗುಲು ಬದಲಾಯಿಸಿದ್ದು ಯಾರಿಗೂ ನೆನಪಿಲ್ಲ.

— ಪದಕ ಅಂದ್ರಲ್ಲ, ಮಾಲತಿ ಹೊಳ್ಳ ಅವರ ವಿಡಿಯೋ ತೋರಿಸಿದೆ ಅಣ್ಣನಿಗೆ. ಫೋನ್ ಎಸೆದುಬಿಟ್ಟ.

— ನಾನಾಗಿದ್ರೂ ಎಸೀತಿದ್ದೆ. ಮಗುವಾಗಿದ್ದಾಗಲೇ ಪೋಲಿಯೋ ಬಂದು, ಸಾಲುಸಾಲು ಶಸ್ತ್ರಚಿಕಿತ್ಸೆ ಮಾಡಿಸ್ಕೊಂಡು, ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ತಗೊಂಡವರು ಅವರು. ನಮಗೆಲ್ಲ ಹೆಮ್ಮೆ. ಆದ್ರೆ ಹಾಸಿಗೆ ಒದ್ದೆಯಾಗಿರೋ ಹೊತ್ತಿಗೆ ಪದ್ಮಶ್ರೀ ತೋರಿಸಿದ್ರೆ, ‘ನೀನು ಇಷ್ಟಾದ್ರೂ ಆಗಲಿಲ್ಲ’ ಅಂದ ಹಾಗೆ ಕೇಳಿಸುತ್ತೆ. ಅವರ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣೋದು ಜ್ಯಾವೆಲಿನ್ ಅಲ್ಲ, ಸಿಂಡಿಕೇಟ್ ಬ್ಯಾಂಕಿನ ಕೆಲಸ. ತಿಂಗಳಿಗೊಂದು ಸಂಬಳ, ಕೂರೋಕೊಂದು ಮೇಜು. ಅದನ್ನ ಯಾರೂ ವಿಡಿಯೋ ಮಾಡಲ್ಲ. ನಿಮ್ಮಣ್ಣನಿಗೆ ಬೇಕಾಗಿರೋದು ಸಾಧಕರಲ್ಲ. ಅವರ ಹಾಗೇ ಬಿದ್ದು, ಈಗ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗೋ ಯಾರೋ ಒಬ್ಬ ಪೇಂಟರ್, ಒಬ್ಬ ಬಾರ್‌ಬೆಂಡರ್.

— ಅಂಥವರು ಖುಷಿಯಾಗಿರ್ತಾರಾ ಮೇಡಂ? ನಿಜ ಹೇಳಿ. ನೀವು ಖುಷಿಯಾಗಿದ್ದೀರಾ?

— ಇವತ್ತು ಚೆನ್ನಾಗಿದ್ದೀನಿ. ಹೋದ ವಾರ ಮೂತ್ರದ ಸೋಂಕಾಗಿ ಎಲ್ಲರ ಮೇಲೂ ರೇಗಿದೆ. ನಿಮ್ಮ ಪ್ರಶ್ನೆಗೆ ಒಂದು ಲೆಕ್ಕ ಇದೆ. 1994ರಲ್ಲಿ ಅಮೆರಿಕದ ಕೆಲವರು ತುರ್ತುಚಿಕಿತ್ಸಾ ಘಟಕದ ಡಾಕ್ಟ್ರು, ನರ್ಸ್‌ಗಳನ್ನ ಕೇಳಿದ್ರು: ನಿಮಗೇ ಬೆನ್ನುಹುರಿ ಮುರಿದ್ರೆ, ಬದುಕಿರೋದಕ್ಕೆ ಸಂತೋಷ ಪಡ್ತೀರಾ? ಹೌದು ಅಂದವರು ನೂರಕ್ಕೆ 18. ನಿಜವಾಗಿ ಕುತ್ತಿಗೆ ಮಟ್ಟದಲ್ಲಿ ಪೆಟ್ಟಾಗಿ ಕೈಕಾಲು ಎರಡರ ಬಲವನ್ನೂ ಕಳ್ಕೊಂಡವರನ್ನ ಕೇಳಿದಾಗ ಹೌದು ಅಂದವರು ನೂರಕ್ಕೆ 92. ದಿನಾ ನಮ್ಮಂಥವರನ್ನ ಉಳಿಸೋರಿಗೇ ನಮ್ಮ ಬದುಕು ಹೇಗಿರುತ್ತೆ ಅಂತ ಗೊತ್ತಿರಲಿಲ್ಲ. 1999ರಲ್ಲಿ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಅನ್ನೋರು 153 ಅಂಗವಿಕಲರ ಜೊತೆ ಮಾತಾಡಿದಾಗಲೂ ಅರ್ಧಕ್ಕಿಂತ ಹೆಚ್ಚು ಜನ ‘ನಮ್ಮ ಬದುಕು ಚೆನ್ನಾಗಿದೆ’ ಅಂದ್ರು.

— ಅಮೆರಿಕದ ಮಾತು ಬಿಡಿ. ಅಲ್ಲಿ ಫುಟ್‌ಪಾತ್ ಇದೆ, ಇನ್ಶೂರೆನ್ಸ್ ಇದೆ. ನಿಮಗೆ ಸಂಬಳ ಇದೆ, ನೆಲಮಹಡಿ ಸ್ವಂತ ಮನೆ ಇದೆ. ನಮ್ಮಣ್ಣನ ಹತ್ರ ಏನಿದೆ? ‘ಒಗ್ಗಿಕೊಳ್ತಾರೆ’ ಅನ್ನೋದು ಇದ್ದವರ ಮಾತು.

— ಒಪ್ಪಿದೆ. ಮನುಷ್ಯ ಎಲ್ಲಕ್ಕೂ ಒಗ್ಗಿಕೊಳ್ತಾನೆ ಅನ್ನೋದಕ್ಕೆ 1978ರ ಒಂದು ಪ್ರಸಿದ್ಧ ಅಧ್ಯಯನವನ್ನ ಎಲ್ಲರೂ ಎತ್ತಿಕೊಳ್ತಾರೆ, ಲಾಟರಿ ಹೊಡೆದವರು ಮತ್ತು ಅಪಘಾತದಲ್ಲಿ ಕೈಕಾಲಿನ ಸ್ವಾಧೀನ ಕಳ್ಕೊಂಡವರು ಅಂತ. ಇಬ್ಬರೂ ಒಂದೇ ಥರ ಖುಷಿಯಾಗಿದ್ರು ಅಂತ ಭಾಷಣದಲ್ಲಿ ಹೇಳ್ತಾರೆ. ಅದು ಸುಳ್ಳು. ಅಪಘಾತವಾದ 29 ಜನರ ಅಂಕ ಮಿಕ್ಕವರಿಗಿಂತ ಸ್ಪಷ್ಟವಾಗಿ ಕಮ್ಮಿ ಇತ್ತು. ಜನ ಎಣಿಸಿದ್ದಷ್ಟು ಪಾತಾಳದಲ್ಲಿ ಇರಲಿಲ್ಲ, ಅಷ್ಟೇ. 2007ರಲ್ಲಿ ರಿಚರ್ಡ್ ಲೂಕಾಸ್ ಅನ್ನೋರು ಜರ್ಮನಿ, ಬ್ರಿಟನ್ನಿನ ಸಾವಿರಾರು ಜನರ ವರ್ಷವರ್ಷದ ಉತ್ತರ ತೆಗೆದು ನೋಡಿದಾಗ, ಅಂಗವಿಕಲತೆ ಬಂದ ಮೇಲೆ ಕುಸಿದ ತೃಪ್ತಿ ಎಷ್ಟೋ ವರ್ಷವಾದ್ರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ‘ಅವರು ಒಗ್ಗಿಕೊಳ್ತಾರೆ’ ಅನ್ನೋದನ್ನ ಸರ್ಕಾರದ ಮುಂದೆ ಹೇಳಲೇಬಾರದು ಅಂತೀನಿ ನಾನು. ರ‍್ಯಾಂಪ್ ಹಾಕೋದನ್ನೇ ಬಿಟ್ಟುಬಿಡ್ತಾರೆ.

— ಮತ್ತೆ ಯಾವುದು ನಿಜ? 92ಓ, ಇದೋ?

— ಎರಡೂ. ಬದುಕಿರೋದಕ್ಕೆ ಖುಷಿ ಇರೋದು ಬೇರೆ, ಬದುಕು ಸಲೀಸಾಗಿರೋದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪ್ರಶ್ನಾವಳಿ ಇದೆ, ಜೀವನದ ಗುಣಮಟ್ಟ ಅಳೆಯೋಕೆ. 26 ಪ್ರಶ್ನೆ. ಅದನ್ನ ಕಟ್ಟುವಾಗ ದೆಹಲಿ, ಚೆನ್ನೈನಲ್ಲೂ ಜನರನ್ನ ಕೇಳಿದ್ರು. ದೇಹ, ಮನಸ್ಸು, ಸಂಬಂಧ, ಪರಿಸರ ಅಂತ ನಾಲ್ಕು ಭಾಗ. ಪರಿಸರದಲ್ಲೇ ಎಂಟು ಪ್ರಶ್ನೆ: ಕೈಯಲ್ಲಿ ಸಾಕಷ್ಟು ದುಡ್ಡಿದೆಯಾ, ಇರೋ ಮನೆ ಹೇಗಿದೆ, ಓಡಾಟದ ಸೌಕರ್ಯ ಹೇಗಿದೆ, ಹೀಗೆ. ಮನಸ್ಸಿನ ಭಾಗಕ್ಕೆ ಆರೇ. ಆದ್ರೆ ನಮ್ಮಲ್ಲಿ ‘ಕೌನ್ಸೆಲಿಂಗ್’ ಅಂದ್ರೆ ಮನಸ್ಸಿಗೆ ಮಾತ್ರ. ಮೊದಲನೇ ಮಹಡಿಯಲ್ಲಿ ಸಿಕ್ಕಿಹಾಕ್ಕೊಂಡಿರೋ ಮನುಷ್ಯನಿಗೆ ‘ಪಾಸಿಟಿವ್ ಆಗಿರಿ’ ಅಂದ್ರೆ ಏನರ್ಥ? ನಿಮ್ಮಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟು ಸಲ ಕೆಳಗಿಳಿದ್ರು?

— ಚೆಕಪ್ಪಿಗೆ ಮಾತ್ರ. ನಾಲ್ಕು ಜನ ಬೆಡ್‌ಶೀಟಲ್ಲಿ ಹೊತ್ಕೊಂಡು ಇಳಿಸ್ತೀವಿ. ಬೀದಿಯವರೆಲ್ಲ ನಿಂತು ನೋಡ್ತಾರೆ. ಎದುರುಮನೆ ಅಜ್ಜಿ ಕೈಮುಗೀತಾರೆ.

— ಬದುಕಿರೋರಿಗೆ ಆ ಮರ್ಯಾದೆ ಬೇಡ. ಮನೆ ಬದಲಾಯಿಸಿ.

— ದೇವಸಂದ್ರದಲ್ಲಿ ಕೆಳಗಡೆ ಮನೆ ಒಂದು ಸಿಕ್ಕಿದೆ. ಅಡ್ವಾನ್ಸ್ ಹೊಂದಿಸ್ತಿದ್ದೀನಿ. ಬಾಗಿಲಿಗೆ ಮೂರು ಮೆಟ್ಟಿಲಿದೆ, ರ‍್ಯಾಂಪ್ ಹಾಕಿಸ್ತೀನಿ.

— ಮೂರು ಮೆಟ್ಟಿಲು ಅಂದ್ರೆ ಒಂದೂವರೆ ಅಡಿ ಎತ್ತರ. ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು ಅನ್ನೋದು ಲೆಕ್ಕ. ಹದಿನೆಂಟು ಅಡಿ ಆಯ್ತು. ಆ ಬೀದಿ ಎಷ್ಟು ಅಗಲ?

— ಹತ್ತು ಅಡಿ ಇರಬಹುದು.

— ಎದುರುಮನೆಯೊಳಗೆ ಹೋಗುತ್ತೆ ನಿಮ್ಮ ರ‍್ಯಾಂಪು. ಗೋಡೆ ಪಕ್ಕದಲ್ಲೇ ಉದ್ದಕ್ಕೆ ತಿರುಗಿಸಬೇಕು, ಇಲ್ಲಾಂದ್ರೆ ಯಾರಾದ್ರೂ ಒಬ್ಬರು ಹಿಡಿಯೋ ಹಾಗೆ ಸ್ವಲ್ಪ ಕಡಿದಾಗಿ ಮಡಚೋ ತಗಡಿನದ್ದು. ಕಡಿದು ಮಾಡಿ ಅವರೊಬ್ಬರನ್ನೇ ಬಿಡಬೇಡಿ, ಹಿಂದಕ್ಕೆ ಪಲ್ಟಿಯಾಗ್ತಾರೆ. ಸರ್ಕಾರಿ ಕಟ್ಟಡ, ಸಾರ್ವಜನಿಕ ಜಾಗಕ್ಕೆ ಕಾನೂನಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬರೀ ಶಿಫಾರಸಿನ ಮಾತು ಸಾಲದು, ಕಡ್ಡಾಯ ಮಾನದಂಡ ಮಾಡಿ ಅಂತಲೂ ಹೇಳಿತು. ಬಾಡಿಗೆ ಮನೆ ಮೆಟ್ಟಿಲಿಗೆ ಓನರೇ ಸುಪ್ರೀಂ ಕೋರ್ಟು.

— ಹೊರಗೆ ಬಂದ್ರೂ ಹೋಗೋದೆಲ್ಲಿಗೆ ಮೇಡಂ, ಈ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಲ್ಲಿ?

— ಮೆಟ್ರೋಗೆ. ನಾನು ಹಲಸೂರಿನವಳು, 2011ರ ಅಕ್ಟೋಬರ್‌ನಲ್ಲಿ ಎಂ.ಜಿ. ರೋಡ್‌ನಿಂದ ಬೈಯಪ್ಪನಹಳ್ಳಿಗೆ ರೈಲು ಶುರುವಾದಾಗ ನನಗಾದ ಸಂತೋಷ ಆಫೀಸಿಗೆ ಹೋಗೋರಿಗೆ ಅರ್ಥವಾಗಲ್ಲ. ಲಿಫ್ಟ್ ಇದೆ, ಪ್ಲಾಟ್‌ಫಾರಂ ಮಟ್ಟಕ್ಕೇ ಬೋಗಿ. ಇಂದಿರಾನಗರಕ್ಕೆ ಒಬ್ಬಳೇ ಹೋಗಿ ದೋಸೆ ತಿಂದು ಬಂದೆ. ಕೆ.ಆರ್. ಪುರಂ ಕಡೆಗೆ ಸೇರಿಸೋ ತುಂಡು ಬರೋಕೆ 2023ರ ಅಕ್ಟೋಬರ್ ಆಯ್ತು. ಇಳಿದ ಮೇಲಿನ ಫುಟ್‌ಪಾತಿನ ಬಗ್ಗೆ ನಾನು ಮಾತಾಡಲ್ಲ, ಬಿ.ಪಿ. ಏರುತ್ತೆ. ಆದ್ರೂ ನಿಮ್ಮಣ್ಣನಿಗೆ ಈಗ ನಾನು ಗಾಯಗೊಂಡಾಗ ಇಲ್ಲದ ಒಂದು ದಾರಿ ಇದೆ.

— ಕೆಲಸ? ಅವನಿಗೆ ಬಣ್ಣ ಬಿಟ್ಟು ಇನ್ನೇನೂ ಗೊತ್ತಿಲ್ಲ.

— ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ರಾ, ಬೀಳೋ ಮುಂಚೆ?

— ಇಲ್ಲ. ಮೇಸ್ತ್ರಿ ಮಾಡಿಸ್ತೀನಿ ಅಂತಿದ್ದ.

— ಎಲ್ಲ ಮೇಸ್ತ್ರಿಗಳೂ ಅದನ್ನೇ ಅಂತಾರೆ. ನಮ್ಮ ಹಲಸೂರಿನಲ್ಲೇ ನೋಡಿ, ಕೆರೆ ಪಕ್ಕದಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪ್. ಅಲ್ಲಿನ ಸೈನಿಕನಿಗೆ ಬೆನ್ನು ಮುರಿದ್ರೆ ಸೇನೆಯ ಆಸ್ಪತ್ರೆ ಇದೆ, ಪುಣೆ ಪಕ್ಕ ಖಡ್ಕಿಯಲ್ಲಿ ಇಂಥ ಸೈನಿಕರಿಗಾಗೇ ಪುನರ್ವಸತಿ ಕೇಂದ್ರ ಇದೆ, ಪಿಂಚಣಿ ಇದೆ. ಇ.ಎಸ್.ಐ. ವಿಮೆ ಇರೋ ನೌಕರನಿಗೆ ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆ. ಆ ಸೈನಿಕನ ಕ್ವಾರ್ಟರ್ಸಿಗೆ ಬಣ್ಣ ಹೊಡೆಯೋನು ಬಿದ್ರೆ ಬೆಡ್‌ಶೀಟು. ಪೆಟ್ಟು ಅದೇ ಡಿ ಟೆನ್. ನೀವು ಹೇಳಿದ ‘ಇದ್ದವರ ಮಾತು’ ಇದೇ.

— ಈಗ ಮಾಡೋಕಾಗೋದೇನು?

— ಮೊದಲು ಯು.ಡಿ.ಐ.ಡಿ. ಕಾರ್ಡು, ಅಂದ್ರೆ ಅಂಗವಿಕಲರ ಗುರುತಿನ ಚೀಟಿ. ಅಂಗವಿಕಲತೆ ನೂರಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಮೆಡಿಕಲ್ ಬೋರ್ಡು ಬರೆದ್ರೆ ಮಾಸಾಶನ, ಸಾಧನ ಸಲಕರಣೆ, ಬಸ್ ಪಾಸು ಎಲ್ಲಕ್ಕೂ ಅದೇ ಕೀಲಿ. ಆಮೇಲೆ ಲಿಂಗರಾಜಪುರಕ್ಕೆ ಹೋಗಿ, ಎ.ಪಿ.ಡಿ. ಇದೆ. ಎನ್.ಎಸ್. ಹೇಮಾ ಅಂತ, ಅವರಿಗೇ ಪೋಲಿಯೋ ಆಗಿತ್ತು, 1959ರಲ್ಲಿ ಶುರು ಮಾಡಿದ ಸಂಸ್ಥೆ. ಬೆನ್ನುಹುರಿ ಪೆಟ್ಟಿನವರ ಜೊತೆ ಅಲ್ಲಿ ಕೆಲಸ ಮಾಡ್ತಾರೆ. ಅಳತೆ ತಗೊಂಡು ಕುರ್ಚಿ ಕೊಡಬಲ್ಲವರು. ಅಂಗಡಿಯಿಂದ ತಂದ ಕುರ್ಚಿಯಲ್ಲಿ ನಿಮ್ಮಣ್ಣ ಕೂರದೇ ಇರೋದಕ್ಕೆ ಬೇಜಾರು ಕಾರಣ ಇರಲಿಕ್ಕಿಲ್ಲ. ಅಗಲ ಜಾಸ್ತಿಯಾಗಿ ಸೊಂಟ ವಾಲ್ತಿರುತ್ತೆ, ಸ್ಪರ್ಶವಿಲ್ಲದ ಜಾಗ ನೋಯದೆ ಇದ್ರೂ ಭುಜ ನೋಯುತ್ತೆ. ಜೀವನ್ ಬೀಮಾ ನಗರದಲ್ಲಿ ಎ.ಪಿ.ಡಿ.ಯವರದ್ದೇ ತೋಟಗಾರಿಕೆ ತರಬೇತಿ ಇದೆ, ನರ್ಸರಿ ಇದೆ. ಗಿಡ ಕೊಳ್ಳೋಕೆ ಹೋಗೋ ಎಷ್ಟೋ ಜನಕ್ಕೆ ಅದನ್ನ ಬೆಳೆಸಿದವರು ಯಾರು ಅಂತ ಗೊತ್ತಿರಲ್ಲ.

— ಗಿಡ ನೆಡೋಕೆ ಒಪ್ಪಲ್ಲ ಅವನು.

— ಬೇಡ. ಮೂಲೆಯಲ್ಲಿ ಸುಮ್ಮನೆ ಕೂತಿರಲಿ ಒಂದು ದಿನ. ಅಲ್ಲಿ ಸಿಗೋ ಜನರಿಗೋಸ್ಕರ ಹೋಗಿ ಅಂತಿದ್ದೀನಿ. ಕೌನ್ಸೆಲರ್ ಕೇಳದ ಪ್ರಶ್ನೆಗಳನ್ನ ಅವರು ಕೇಳ್ತಾರೆ. ಆ 26 ಪ್ರಶ್ನೆಯಲ್ಲಿ ಲೈಂಗಿಕ ಬದುಕಿನ ಬಗ್ಗೆಯೂ ಒಂದಿದೆ, ಗೊತ್ತಾ? ನಾನು ಕಂಡ ಹಾಗೆ ಪ್ರಶ್ನೆ ಓದೋ ಹುಡುಗ ಹುಡುಗಿಯರು ಅದು ಬಂದ ಕೂಡಲೇ ಗುಳಕ್ಕನೆ ನುಂಗಿ ಮುಂದಕ್ಕೆ ಹೋಗ್ತಾರೆ. ನಿಮ್ಮಣ್ಣ ಗೋಡೆ ಕಡೆ ತಿರುಗಿರೋದರಲ್ಲಿ ಅದೂ ಇರುತ್ತೆ. ಔಷಧಿ ಇದೆ, ಉಪಾಯ ಇದೆ, ಮಕ್ಕಳೂ ಆಗಬಹುದು. ತಮ್ಮನಾಗಿ ನೀವು ಕೇಳೋಕಾಗಲ್ಲ. ನಾನು ಹೆಂಗಸು, ನಾನೂ ಕೇಳಲ್ಲ. ಕುರ್ಚಿಯಲ್ಲಿರೋ ಇನ್ನೊಬ್ಬ ಗಂಡಸು ಬೀಡಿ ಹಚ್ಚಿಕೊಂಡು ಕೇಳ್ತಾನೆ.

— ಅತ್ತಿಗೆ ಬಗ್ಗೆ ಯಾರೂ ಯೋಚಿಸಿಲ್ಲ ಅನ್ಸುತ್ತೆ ಈಗ.

— ಯಾರೂ ಯೋಚಿಸಲ್ಲ. ಎತ್ತಿ ಎತ್ತಿ ಅವರ ಬೆನ್ನೂ ಹೋಗ್ತಿರುತ್ತೆ. ವಾರಕ್ಕೆ ಒಂದು ಮಧ್ಯಾಹ್ನ ನೀವು ಕೂತು ಅವರನ್ನ ಹೊರಗೆ ಕಳಿಸಿ. ದೇವಸ್ಥಾನಕ್ಕೋ, ಸಿನಿಮಾಕ್ಕೋ, ಅವರಿಷ್ಟ. ಮತ್ತೆ ‘ಎಷ್ಟು ತ್ಯಾಗ ಮಾಡ್ತಿದ್ದಾಳೆ’ ಅಂತ ಅಣ್ಣನ ಮುಂದೆ ಹೊಗಳಬೇಡಿ, ಅದು ಅಣ್ಣನ ಮೇಲೆ ಸಾಲ ಬರೆದ ಹಾಗೆ.

— ನೀವು ಯಾವಾಗಲೂ ಹೀಗೇ ಗಟ್ಟಿಯಾಗಿರ್ತೀರಾ?

— ಆ ಗಟ್ಟಿತನದ ಕಥೆಯೇ ಬೇರೆ. ಶಿವಾಜಿನಗರದಲ್ಲಿ ನನ್ನ ಗೆಳತಿ ಒಬ್ಬಳಿದ್ದಾಳೆ, ರಸೆಲ್ ಮಾರುಕಟ್ಟೆ ಹಿಂದೆ ಹೊಲಿಗೆ ಅಂಗಡಿ. ಎರಡು ವರ್ಷದವಳಿದ್ದಾಗ ಪೋಲಿಯೋ. ಬಾಲ್ಯದಲ್ಲಿ ಅವಳಿಗೆ ಕಲಿಸಿದ್ದು ಒಂದೇ: ಒದ್ದಾಡು, ಉಪಯೋಗಿಸು, ಇಲ್ಲಾಂದ್ರೆ ಇರೋದೂ ಹೋಗುತ್ತೆ. ಮೆಟ್ಟಿಲು ಹತ್ತಿದಳು, ಮೆಷಿನ್ನಿಗೆ ಮೋಟಾರ್ ಹಾಕಿಸಿಕೊಂಡಳು, ಇಬ್ಬರು ಮಕ್ಕಳನ್ನ ಓದಿಸಿದಳು. ಐವತ್ತು ದಾಟಿದ ಮೇಲೆ ಚೆನ್ನಾಗಿದ್ದ ಕಾಲೂ ಸೋಲೋಕೆ ಶುರುವಾಯ್ತು, ಸಂಜೆಗೆ ಹೇಳಲಾಗದ ಸುಸ್ತು. ಪೋಲಿಯೋ ಬಂದ ಎಷ್ಟೋ ದಶಕಗಳ ಮೇಲೆ ಹಲವರಿಗೆ ಹೀಗಾಗುತ್ತೆ, ದಣಿದು ದುಡಿದ ನರಕೋಶಗಳು ಕೈಬಿಡ್ತವೆ. ದೇಶದಲ್ಲಿ ವೈಲ್ಡ್ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರದ್ದು, ಹಾಗಾಗಿ ಹೊಸ ಡಾಕ್ಟ್ರುಗಳಲ್ಲಿ ಹಲವರು ಇದನ್ನ ನೋಡೇ ಇರಲ್ಲ. ಈಗ ಅವಳಿಗೆ ಹೇಳೋದು, ಒದ್ದಾಡಬೇಡ, ಉಳಿಸಿಕೋ ಅಂತ. ಕುರ್ಚಿಗೆ ಬರೋದಂದ್ರೆ ಸೋತ ಹಾಗೆ ಅನ್ಸುತ್ತೆ ಅವಳಿಗೆ. ನನ್ನ ಮಾತು ಅವಳು ಕೇಳಲ್ಲ. ನಾವಿಬ್ಬರೂ ಅದಕ್ಕೆ ಜಗಳ ಆಡ್ತೀವಿ, ಆಮೇಲೆ ಚಹಾ ಕುಡೀತೀವಿ.

— ಅಣ್ಣನಿಗೆ ನಡೆಯೋಕಾಗಲ್ಲ ಅಂತ ಯಾರು ಹೇಳಬೇಕು? ನಾನಾ?

— ಡಾಕ್ಟ್ರ ಬಾಯಿಂದ ಬರಲಿ, ನೀವು ಪಕ್ಕದಲ್ಲಿರಿ. ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ತಮ್ಮ ಕಾಲು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನೀವೆಲ್ಲ ಸೇರಿ ನಾಟಕ ಆಡ್ತಿರೋದರಿಂದ ಅವರೂ ಆಡ್ತಿರಬಹುದು. ಹೇಳಿದ ದಿನ ಅಳ್ತಾರೆ, ಬಯ್ತಾರೆ. ಆ ದಿನ ಮನೇಲಿ ಯಾರೂ ಬುದ್ಧಿ ಹೇಳಬೇಡಿ. ಮಾರನೇ ದಿನಕ್ಕೆ ಒಂದು ಕೆಲಸ ಇಟ್ಟಿರಿ.

— ಏನು ಕೆಲಸ?

— ಆ ದೇವಸಂದ್ರದ ಮನೆಯ ಬಚ್ಚಲು ಬಾಗಿಲು ಎಷ್ಟು ಅಗಲ?

— ಎರಡೂವರೆ ಅಡಿ ಇರಬಹುದು. ಇವತ್ತು ಹೋಗಿ ಅಳೀತೀನಿ.

— ನೀವು ಅಳೀಬೇಡಿ. ವಿಡಿಯೋ ಕಾಲ್ ಮಾಡಿ ಅವರಿಗೇ ತೋರಿಸಿ, ಅಂದಾಜು ಅವರು ಹೇಳಲಿ. ಪೇಂಟರ್ ಅಲ್ವಾ? ಗೋಡೆ ನೋಡಿದ್ರೆ ಚದರಡಿ ಹೇಳೋ ಕಣ್ಣು ಅವರದ್ದು. ಆಮೇಲೆ ಅವರು ಹೇಳಿದ ಜಾಗದಲ್ಲಿ ನೀವು ಟೇಪ್ ಹಿಡೀರಿ. ಬಾಗಿಲು, ಕಮೋಡಿನ ಪಕ್ಕದ ಜಾಗ, ಸ್ವಿಚ್ಚಿನ ಎತ್ತರ, ಒಲೆ ಕಟ್ಟೆ. ಎಲ್ಲ ಅವರೇ ಬರೆಸಲಿ.

— ಬಾಗಿಲು ಸಾಲದೆ ಇದ್ರೆ? ಓನರ್ ಗೋಡೆ ಒಡೆಯೋಕೆ ಬಿಡಲ್ಲ.

— ಒಡೆಯೋದು ಕಡೇ ಮಾತು. ಬಾಗಿಲ ಹಲಗೆ ಕಳಚಿ ಪರದೆ ಹಾಕಿದ್ರೆ ಒಂದು, ಒಂದೂವರೆ ಇಂಚು ಸಿಗುತ್ತೆ. ಎಷ್ಟೋ ಮನೆಯಲ್ಲಿ ಅಷ್ಟರಲ್ಲೇ ಕುರ್ಚಿ ನುಗ್ಗಿದೆ. ನುಗ್ಗದಿದ್ರೆ ಕಿರಿದಾದ ಸ್ನಾನದ ಕುರ್ಚಿ ಬರುತ್ತೆ, ಚಕ್ರ ಇರೋದು. ಅಳತೆ ಬರಲಿ. ಅಡ್ವಾನ್ಸ್ ಮಾತ್ರ ಅದಕ್ಕಿಂತ ಮುಂಚೆ ಕೊಡಬೇಡಿ.